ಕತ್ತರಿ ತಾಗದ ಗುಲಾಬಿ

"ಕಳ್ಳತನ ಆಗಿದೆ ಕಣೋ ಸುಬ್ಬಯ್ಯ! ನಾನು ಎರಡು ತಿಂಗಳು ಮಗಳ ಮನೇಲಿದ್ದು ಬರೋಷ್ಟರಲ್ಲಿ ವತ್ಸಲಾ ಬೆಳೆಸಿದ ಗುಲಾಬಿ ಗಿಡ ಕಿತ್ಕೊಂಡು, ಅದೇ ಗುಂಡೀಲಿ ಯಾವ್ದೋ ಕಾಡುಗಿಡ ನೆಟ್ಟಿದ್ದಾರೆ!"

ಎಂಬತ್ತಮೂರನೇ ಇಸವಿಯ ಒಂದು ಭಾನುವಾರದ ಬೆಳಗ್ಗೆ, ಪೀಣ್ಯದ ಕಾರ್ಖಾನೆಯೊಂದರ ಕ್ವಾರ್ಟರ್ಸ್ ಅಂಗಳದಲ್ಲಿ ರಾಮಪ್ರಸಾದ ಪಾತಿಯತ್ತ ಕೈ ತೋರಿಸುತ್ತ ನಿಂತಿದ್ದ. ಅಂಗೈ ಅಗಲದ ಕೆಂಪು ಗುಲಾಬಿ ಬಿಡುತ್ತಿದ್ದ ಜಾಗದಲ್ಲಿ ಗೊಂಚಲು ಗೊಂಚಲು ಸಣ್ಣ ಬಿಳಿ ಹೂವು! ನಾಳೆ ಅವನ ಹೆಂಡತಿ ವತ್ಸಲಾಳ ವರ್ಷಾಬ್ದಿಕ. ಅವಳ ಫೋಟೋಕ್ಕೆ ಅವಳೇ ಬೆಳೆಸಿದ ಹೂವು ಮುಡಿಸಬೇಕೆಂದು ಮಳೆಗಾಲದಿಂದ ಕಾದಿದ್ದ.

ಅದೇ ಕಾರ್ಖಾನೆಯ ಭದ್ರತಾ ವಿಭಾಗದಲ್ಲಿ ತಾಮ್ರದ ಕಳ್ಳರನ್ನು ಹಿಡಿದು ಹೆಸರು ಮಾಡಿದ್ದ ವೆಂಕಟಸುಬ್ಬಯ್ಯ ಗೆಳೆಯನ ಪಕ್ಕಕ್ಕೆ ಬಂದು ನಿಂತ.

"ಯಾರ ಮೇಲೆ ಅನುಮಾನ?"

"ಪಕ್ಕದ್ಮನೆ ಪಟ್ಟಾಭಿರಾಮ. ಇನ್ಯಾರು? ನೆಡೋಕೆ ಒಂದು ಕಡ್ಡಿ ಕೊಡಿ ಅಂತ ಅವಳ ಹಿಂದೆ ಬಿದ್ದಿದ್ದ. ಅವಳು ಕೊಡ್ಲಿಲ್ಲ."

"ತಾನಾಗೇ ಸತ್ತಿರಬಹುದಲ್ವಾ?"

"ಅದಾ? ಬೀದಿ ಗುಲಾಬಿಗಳೆಲ್ಲ ಕಪ್ಪು ಚುಕ್ಕೆ ಬಿದ್ದು ಬೋಳಾದಾಗ್ಲೂ ಅದರ ಒಂದೆಲೆ ಉದುರಲಿಲ್ಲ. ರೋಗ ತಾಗದ ಗಿಡ ಸಾಯುತ್ತೇನೋ?"

ಬೇಲಿಯಾಚೆ ಪಟ್ಟಾಭಿರಾಮನ ಕಣ್ಣು ತುಂಬಿತ್ತು. "ಕೇಳಿದ್ದು ನಿಜ ಸಾರ್. ಕದೀತೀನಾ? ವತ್ಸಲಕ್ಕನ ಕೈಯಲ್ಲಿ ಊಟ ಮಾಡಿದೋನು ನಾನು." ಅವನ ಅಂಗಳದಲ್ಲಿ ಕನಕಾಂಬರ ಬಿಟ್ಟರೆ ಬೇರೇನೂ ಇರಲಿಲ್ಲ.

ವೆಂಕಟಸುಬ್ಬಯ್ಯ ಮೊಣಕಾಲೂರಿದ. ಪಾತಿಯ ಸುತ್ತ ವತ್ಸಲಾ ಹೂತಿದ್ದ ಇಟ್ಟಿಗೆಗಳಿಗೆ ಪಾಚಿ ಕಟ್ಟಿತ್ತು. ಒಂದೂ ಅಲುಗಿರಲಿಲ್ಲ. ಮಣ್ಣೂ ಗಟ್ಟಿ. ಪೊದೆಯೊಳಗೆ ಕೈ ತೂರಿಸಿದ. ಮುಳ್ಳು ಗೀರಿತು. ಬುಡದಲ್ಲಿ ಏನೋ ಸಿಕ್ಕಿತು — ಒಂದು ಗಂಟು. ಅದರ ಮೇಲೆ ಒಣಗಿದ ಮೋಟು. ಹಸಿರು ಕೊಂಬೆಗಳೆಲ್ಲ ಗಂಟಿನ ಕೆಳಗಿನಿಂದಲೇ ಎದ್ದಿದ್ದವು.

ಅವನು ಕೂತಲ್ಲಿಂದಲೇ ಗೆಳೆಯನತ್ತ ತಿರುಗಿದ.

"ಇದಕ್ಕೆ ಕತ್ತರಿ ಹಾಕ್ತಿದ್ದೋರು ಯಾರು?"

"ಅವಳೇ. ಆಮೇಲೆ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ. ಅವಳು ಬೆಳೆಸಿದ್ದಕ್ಕೆ ನಾನು ಕತ್ತರಿ ಹಾಕ್ಲಾ? ಬರೀ ನೀರು ಹಾಕ್ದೆ. ಬುಡದಲ್ಲಿ ಚಿಗುರು ಒಡೆದಾಗೆಲ್ಲ ಖುಷಿಪಟ್ಟೆ."

"ಯಾರೂ ಕದ್ದಿಲ್ಲ ಪ್ರಸಾದ. ಇದು ಅದೇ ಗಿಡ. ಕಾಡುಗುಲಾಬಿ ಬೇರಿನ ಮೇಲೆ ಅವಳು ಕೆಂಪು ಗುಲಾಬೀನ ಕಸಿ ಕಟ್ಟಿದ್ಲು. ಈ ಗಂಟೇ ಆ ಕಸಿ. ಇದರ ಕೆಳಗೆ ಬರೋದು ಕಾಡುಚಿಗುರು, ಆಗಾಗ ತೆಗೀಬೇಕು. ನೀನು ಬಿಟ್ಟೆ. ನೀರು, ಸಾರ ಎಲ್ಲ ಅದೇ ಎಳ್ಕೊಂಡು ಮೇಲಿಂದನ್ನ ಸಾಯಿಸ್ತು."

"ಅಂದ್ರೆ... ಸಾಯಿಸಿದ್ದು ನಾನಾ?"

ಸುಳ್ಳು ಹೇಳಬಹುದಿತ್ತು. ಆದರೆ ಬೇಲಿಯಾಚೆ ಪಟ್ಟಾಭಿರಾಮ ಇನ್ನೂ ನಿಂತಿದ್ದ.

"ಹೂಂ ಕಣೋ. ನೀನೇ."

ರಾಮಪ್ರಸಾದ ಇಟ್ಟಿಗೆಗಳ ಮೇಲೆ ಕುಸಿದು ಕುಳಿತು, ಹೆಂಡತಿ ಹೋದ ದಿನವೂ ಅಳದಷ್ಟು ಅತ್ತ. ಕೊನೆಗೆ ಕೇಳಿದ:

"ಈ ಬೇರು ನೆಟ್ಟಿದ್ದೂ ಅವಳೇ ಅಲ್ವೇನೋ?"

"ಅವಳೇ."

ರಾಮಪ್ರಸಾದ ಎದ್ದು ಪಟ್ಟಾಭಿರಾಮನಿಗೆ ಕೈ ಮುಗಿದ. ಆಮೇಲೆ ಒಳಗೆ ಹೋಗಿ, ವರ್ಷದಿಂದ ಮುಟ್ಟದಿದ್ದ ವತ್ಸಲಾಳ ಕತ್ತರಿ ತಂದು, ಬಿಳಿ ಹೂವಿನ ಗೊಂಚಲೊಂದನ್ನು ಕತ್ತರಿಸಿಕೊಂಡ.