ಮೂರನೇ ಮಹಡಿಯ ಬೀಗ

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ದಾಟಿತ್ತು. ಠಾಣೆಯ ಫೋನ್ ಎತ್ತಿದ್ದು ಮಹಿಳಾ ಪೇದೆ. ಆ ಕಡೆ ಹೆಂಗಸಿನ ದನಿ. ಹಾಸಿಗೆ ಅಂಗಡಿಯ ಮೇಲೆ, ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ಒಬ್ಬ ಹುಡುಗನನ್ನು ಸರಪಳಿ ಹಾಕಿ ಕಟ್ಟಿದ್ದಾರೆ, ಈಗಲೇ ಹೋಗಿ ಅಂದಳು. ಯಾರು ಮಾತಾಡೋದು ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು. ಪೇದೆ ಫೋನಿನ ಪರದೆಯಲ್ಲಿ ಮೂಡಿದ್ದ ನಂಬರ್ ಬರೆದುಕೊಂಡು ಇನ್ಸ್‌ಪೆಕ್ಟರ್ ಕೋಣೆಗೆ ಓಡಿದಳು.

ಇನ್ಸ್‌ಪೆಕ್ಟರ್ ದಫೇದಾರನನ್ನೂ ಅವಳನ್ನೂ ಕರೆದುಕೊಂಡು ಹೊರಟರು. ದಫೇದಾರ ಹಳಬ, ಬಾಯಿ ಬಿಟ್ಟರೆ ಗಾದೆ. ದಾರಿಯುದ್ದಕ್ಕೂ ಇದು ಯಾರೋ ಬಾಡಿಗೆ ಜಗಳಕ್ಕೆ ಹಚ್ಚಿದ ಕಡ್ಡಿ ಅಂತಲೇ ವಾದ ಮಾಡಿದ.

ಕಟ್ಟಡದ ಮೆಟ್ಟಿಲು ಇಕ್ಕಟ್ಟು. ಗೋಡೆಗೆ ಎರಡನೇ ಮಹಡಿಯವರೆಗೂ ಮಸಿ ಹಿಡಿದಿತ್ತು. ಹೋದ ವಾರ ಕೆಳಗಿನ ಅಂಗಡಿಯಲ್ಲಿ ಹತ್ತಿಗೆ ಬೆಂಕಿ ಬಿದ್ದಿತ್ತು, ಉರಿಗಿಂತ ಹೊಗೆಯೇ ಜಾಸ್ತಿ, ಎಲ್ಲರೂ ಬೀದಿಗೆ ಓಡಿ ಬಂದೆವು ಎಂದು ಕಟ್ಟಡ ನೋಡಿಕೊಳ್ಳುವವನು ಹೇಳಿದ. ಕೊನೆಯ ಕೋಣೆಯವರು ಓಡಿ ಬಂದದ್ದು ಕಂಡೆಯಾ ಎಂದು ಇನ್ಸ್‌ಪೆಕ್ಟರ್ ಕೇಳಿದಾಗ ಅವನು ತಲೆ ಕೆರೆದುಕೊಂಡ. ಆ ಹೆಂಗಸು ಹಗಲು ಮನೆಯಲ್ಲಿರುವುದಿಲ್ಲ, ಬಾಗಿಲಿಗೆ ಬೀಗ ಇರುತ್ತದೆ, ಒಳಗೆ ಯಾರೂ ಇಲ್ಲ ಅಂದುಕೊಂಡಿದ್ದೆವು ಅಂದ.

ಬೀಗ ಹೊರಗಿನಿಂದ ಹಾಕಿತ್ತು. ಅವನನ್ನೂ ಎದುರು ಕೋಣೆಯ ಟೈಲರನನ್ನೂ ಪಂಚರನ್ನಾಗಿ ನಿಲ್ಲಿಸಿಕೊಂಡು ಬೀಗ ಒಡೆಸಿದರು.

ಹುಡುಗನಿಗೆ ಹದಿನಾರು ಇರಬಹುದು. ಮಂಚದ ಮೇಲೆ ಕೂತಿದ್ದ. ಬಲಗಾಲಿಗೆ ಸರಪಳಿ, ಅದರ ಇನ್ನೊಂದು ತುದಿ ಕಿಟಕಿಯ ಸರಳಿಗೆ. ಪೊಲೀಸರನ್ನು ಕಂಡು ಅವನು ಏಳಲೂ ಇಲ್ಲ, ಅಳಲೂ ಇಲ್ಲ. ದಫೇದಾರ ಪಂಚನಾಮೆ ಬರೆಯತೊಡಗಿದ: ಕೈಗೆಟುಕುವಲ್ಲಿ ನೀರಿನ ಕೊಡ, ಮುಚ್ಚಿಟ್ಟ ಅನ್ನದ ಪಾತ್ರೆ, ಮೂಲೆಯಲ್ಲಿ ಬಕೆಟ್, ತಲೆದಿಂಬಿನ ಪಕ್ಕ ರೇಡಿಯೋ. ಕಾಲಿನ ಹತ್ತಿರ ಬಂದಾಗ ಅವನ ಪೆನ್ನು ನಿಂತಿತು. ಚರ್ಮಕ್ಕೆ ಉಜ್ಜದ ಹಾಗೆ ಸರಪಳಿಯ ಸುತ್ತ ಹಳೇ ಸೀರೆಯ ಬಟ್ಟೆ ಸುತ್ತಿ, ಸಣ್ಣ ಸಣ್ಣ ಹೊಲಿಗೆ ಹಾಕಿತ್ತು.

"ಇದನ್ನೂ ಬರೀಲಾ ಸಾರ್?"

"ಇರೋದನ್ನೆಲ್ಲ ಬರಿ."

ಸರಪಳಿ ಬಿಚ್ಚಿದ ಮೇಲೂ ಹುಡುಗ ಕಾಲನ್ನು ಅಲ್ಲಿಂದ ಕದಲಿಸಲಿಲ್ಲ. ಇನ್ಸ್‌ಪೆಕ್ಟರ್ ಮಂಚದ ತುದಿಯಲ್ಲಿ ಕೂತರು.

"ಯಾರು ಕಟ್ಟಿದ್ದು?"

"ನಾನೇ ಕಟ್ಕೊಂಡಿದ್ದು."

"ಹೊರಗಿನ ಬೀಗಾನೂ ನೀನೇ ಹಾಕ್ಕೊಂಡ್ಯಾ?"

ಹುಡುಗ ಒಡೆದ ಬೀಗದ ಕಡೆ ನೋಡಿದ. "ಅಮ್ಮ. ಆದ್ರೆ ಕಟ್ಟು ಅಂತ ಹೇಳಿದ್ದು ನಾನು."

ಆಮೇಲೆ ಒಂದೊಂದಾಗಿ ಹೇಳಿದ. ಅಪ್ಪ ಬೇರೆ ಊರಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದಾನೆ, ಇತ್ತ ತಲೆ ಹಾಕುವುದಿಲ್ಲ. ಶಾಲೆ ಬಿಟ್ಟ ಮೇಲೆ ಸೇತುವೆ ಕೆಳಗಿನ ಹುಡುಗರ ಜೊತೆ ಪಂಕ್ಚರ್ ಅಂಟಿನ ಟ್ಯೂಬ್ ಮೂಸುವುದು ಕಲಿತ. ಬಿಡುತ್ತೇನೆ ಅಂತ ಅಮ್ಮನ ತಲೆ ಮೇಲೆ ಕೈಯಿಟ್ಟು ಆಣೆ ಮಾಡುತ್ತಿದ್ದ, ಸಂಜೆಯಾದರೆ ಕಾಲು ತಾನಾಗಿಯೇ ಸೇತುವೆ ಕಡೆ ಹೋಗುತ್ತಿತ್ತು. ಅಂಟಿಗಾಗಿ ಅಮ್ಮನ ಕಿವಿಯ ಓಲೆಯನ್ನೂ ಮಾರಿದ. ಅವತ್ತು ಅವನೇ ಅಂದದ್ದು, ನನ್ನ ಮಾತು ನಂಬಬೇಡ, ಕಟ್ಟಿಹಾಕಿ ಹೋಗು ಅಂತ.

"ನಿಮಗೆ ಹೇಳಿದೋರು ಯಾರು ಸಾರ್? ಟೈಲರ್ ಹೆಂಡ್ತೀನಾ?" ಅವನ ಕಣ್ಣು ಕೆಂಪಾಯಿತು. "ಯಾರೇ ಆಗ್ಲಿ, ಜನ್ಮದಲ್ಲಿ ಅವರ ಮುಖ ನೋಡಲ್ಲ."

ಅಮ್ಮ ಕೆಲಸ ಮಾಡುವುದು ಸರ್ಕಾರಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಎಂದ. ಹುಡುಗನನ್ನು ವೈದ್ಯಕೀಯ ಪರೀಕ್ಷೆಗೆ ಕಳಿಸಿ, ಠಾಣೆಯಲ್ಲಿ ಎಫ್‌ಐಆರ್ ದಾಖಲಿಸಿ, ಮಧ್ಯಾಹ್ನ ಇನ್ಸ್‌ಪೆಕ್ಟರ್ ಮಹಿಳಾ ಪೇದೆಯೊಂದಿಗೆ ಅಲ್ಲಿಗೆ ಹೋದರು. ನೆಲಮಾಳಿಗೆಯಲ್ಲಿ ಬಿಸಿ ಹಬೆ, ಸೋಪಿನ ಘಾಟು. ಹೆಂಗಸರು ಯಂತ್ರದಿಂದ ಹಸಿ ಚಾದರಗಳನ್ನು ಎಳೆದೆಳೆದು ಗಾಡಿಗೆ ತುಂಬುತ್ತಿದ್ದರು. ಮಹಿಳಾ ಪೇದೆಗೆ ಏನು ಹೊಳೆಯಿತೋ, ಬೆಳಿಗ್ಗೆ ಬರೆದಿಟ್ಟ ನಂಬರನ್ನು ತನ್ನ ಮೊಬೈಲಿನಲ್ಲಿ ಒತ್ತಿದಳು. ಮೇಲ್ವಿಚಾರಕಿಯ ಮೇಜಿನ ಮೇಲಿದ್ದ ಫೋನ್ ಬಡಿದುಕೊಂಡಿತು.

ಬೆಳಿಗ್ಗೆ ಈ ಫೋನ್ ಯಾರು ಕೇಳಿದರು ಎಂದರೆ, ಮೇಲ್ವಿಚಾರಕಿ ಮೂಲೆಯ ಯಂತ್ರದ ಕಡೆ ಕೈ ತೋರಿಸಿದಳು. ಮಗನಿಗೆ ಹುಷಾರಿಲ್ಲ, ಒಂದು ಮಾತು ಮಾತಾಡುತ್ತೇನೆ ಅಂದಿದ್ದಳಂತೆ.

ಆಕೆ ಆಗಲೇ ಕೈ ಒರೆಸಿಕೊಂಡು ಇವರತ್ತ ಬರುತ್ತಿದ್ದಳು. ಸಣಕಲು ಹೆಂಗಸು, ಬೆರಳುಗಳು ನೀರಲ್ಲಿ ನೆನೆದು ಸುಕ್ಕಾಗಿದ್ದವು.

"ಬಿಚ್ಚಿದ್ರಾ ಸಾರ್?" ಅಂದಳು.

ಹೇಳಿಕೆ ತೆಗೆದುಕೊಂಡದ್ದು ಠಾಣೆಯಲ್ಲಿ, ಮೂರು ಗಂಟೆಗೆ. ಆಕೆ ಏನನ್ನೂ ಮುಚ್ಚಿಡಲಿಲ್ಲ. ಮೊದಲು ಚಟ ಬಿಡಿಸುವ ವಾರ್ಡಿಗೆ ಹೋಗಿದ್ದಳು, ಹದಿನೆಂಟು ತುಂಬದವರಿಗೆ ಇಲ್ಲಿ ಮಂಚವಿಲ್ಲ ಅಂದರು. ಮಕ್ಕಳ ನಿಲಯಕ್ಕೆ ಹೋದಳು, ತಾಯಿಯಿದ್ದಾಳೆ, ಇರಲು ಸೂರಿದೆ, ಅವನು ಅನಾಥನಲ್ಲ ಅಂದರು. ಕೆಲಸ ಬಿಟ್ಟು ಮಗನನ್ನು ಕಾಯೋಣವೆಂದರೆ ಅವತ್ತೇ ಒಲೆ ಆರುತ್ತದೆ.

"ಇಲ್ಲಿಗೂ ಬಂದಿದ್ದೆ. ಅವನು ಏನಾದ್ರೂ ಮಾಡಿದ ಮೇಲೆ ಬಾ ಅಂದ್ರು."

ಯಾರು ಹಾಗಂದದ್ದು ಎಂದು ಇನ್ಸ್‌ಪೆಕ್ಟರ್ ಸುತ್ತ ನೋಡಿದರು. ಯಾರಿಗೂ ನೆನಪಿರಲಿಲ್ಲ. ದಫೇದಾರ ತಲೆ ಎತ್ತದೆ ಬರೆಯುತ್ತಲೇ ಇದ್ದ.

"ಹಾಗಾದ್ರೆ ಇವತ್ತು ಯಾಕೆ ಫೋನ್ ಮಾಡಿದ್ರಿ?"

ಬೆಂಕಿ ಬಿದ್ದ ಸಂಜೆ ಮನೆಗೆ ಬಂದಾಗ ಕೋಣೆ ತುಂಬ ಹೊಗೆ ವಾಸನೆಯಿತ್ತಂತೆ. ಮಗ ಮಂಚದಡಿ, ಒದ್ದೆ ಬಟ್ಟೆ ಮುಖಕ್ಕೆ ಹಿಡಿದು ಮಲಗಿದ್ದ. ಕೂಗಿದರೆ ನಿನ್ನನ್ನು ಹಿಡಿದುಕೊಂಡು ಹೋಗುತ್ತಾರೆ ಅಂತ ಕೂಗಲಿಲ್ಲ ಅಂದನಂತೆ. ಆವತ್ತಿನಿಂದ ಅವಳಿಗೆ ನಿದ್ದೆಯಿಲ್ಲ. ಕಟ್ಟಿದರೆ ಸಾಯುತ್ತಾನೆ, ಬಿಟ್ಟರೂ ಸಾಯುತ್ತಾನೆ. ಮತ್ತೆ ನಿಲಯಕ್ಕೆ ಹೋಗಿ ಗುಮಾಸ್ತನ ಕಾಲು ಹಿಡಿದಳು. ಅವನು ಬೇಜಾರಿನಲ್ಲೇ ಒಂದು ಮಾತು ಹೇಳಿದ: ಹಿಂಸೆ ಆಗ್ತಿದೆ ಅಂತ ಯಾರಾದರೂ ಪೊಲೀಸರಿಗೆ ದೂರು ಕೊಟ್ಟರೆ ಅದೇ ದಿನ ಸೇರಿಸಿಕೊಳ್ಳಲೇಬೇಕಾಗುತ್ತದೆ.

"ಹಿಂಸೆ ಮಾಡೋದು ನಾನೇ ತಾನೇ ಸಾರ್? ದೂರೂ ನಾನೇ ಕೊಟ್ಟೆ."

ಇನ್ಸ್‌ಪೆಕ್ಟರ್ ಕಡತವನ್ನು ಹತ್ತಿರಕ್ಕೆ ಎಳೆದುಕೊಂಡರು. ಮಗುವನ್ನು ಕೂಡಿಹಾಕಿದ್ದು ಅಪರಾಧ. ಮಗು ತಾನೇ ಕೇಳಿಕೊಂಡಿತು ಎಂದರೂ ಕಾನೂನಿಗೆ ಅದು ಲೆಕ್ಕವಲ್ಲ. ಅತ್ತ ದರಿ, ಇತ್ತ ಪುಲಿ. ಬಂಧಿಸಬೇಕಾಗುತ್ತದೆ ಅಂದರು. ಆಕೆ ಗೊತ್ತು ಎಂಬಂತೆ ತಲೆಯಾಡಿಸಿದಳು. ದೂರು ನೀವೇ ಕೊಟ್ಟದ್ದು ಎಂದು ಎಲ್ಲರಿಗೂ ತಿಳಿಯುವ ಹಾಗೆ ಬರೆದರೆ ಜಾಮೀನು ಸುಲಭವಾಗುತ್ತದೆ ಎಂದಾಗ ಮಾತ್ರ ಆಕೆ ಕುರ್ಚಿಯಿಂದ ಎದ್ದು ನಿಂತಳು.

"ಬೇಡಿ ಸಾರ್. ಅಮ್ಮನೇ ಹಿಡಿದುಕೊಟ್ಟಳು ಅಂತ ಗೊತ್ತಾದ್ರೆ ಅವನು ಅಲ್ಲಿ ಒಂದು ದಿನಾನೂ ನಿಲ್ಲಲ್ಲ. ಎಲ್ಲಿಗೆ ಹೋಗ್ತಾನೆ ಅಂತ ನಿಮಗೂ ಗೊತ್ತು."

ನ್ಯಾಯಾಧೀಶರು ಮಾತ್ರ ನೋಡುವ ಕೇಸ್ ಡೈರಿಯಲ್ಲಿ ಬರೆಯುತ್ತೇನೆ, ಮಗನ ಕೈಗೆ ಅದು ಹೋಗುವುದಿಲ್ಲ ಎಂದು ಇನ್ಸ್‌ಪೆಕ್ಟರ್ ಬಿಡಿಸಿ ಹೇಳಿದರು. ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡು ಆಕೆ ಒಪ್ಪಿದಳು. ಬಂಧನದ ಸಮಯ ನಾಲ್ಕೂವರೆ ಎಂದು ದಫೇದಾರ ಬರೆದ.

ಸಂಜೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬಂತು. ಹುಡುಗನಿಗೆ ನಿಲಯದಲ್ಲಿ ಜಾಗ, ಚಿಕಿತ್ಸೆಗೆ ವೈದ್ಯರು. ತಿಂಗಳುಗಟ್ಟಲೆ ಎಡತಾಕಿದರೂ ತೆರೆಯದ ಬಾಗಿಲು ಒಂದೇ ದಿನದಲ್ಲಿ ತೆರೆದಿತ್ತು. ಆದೇಶದ ಕೊನೆಗೆ ಇನ್ನೊಂದು ಸಾಲಿತ್ತು. ಅದನ್ನು ಆಕೆಗೆ ಓದಿ ಹೇಳುವುದು ಮಹಿಳಾ ಪೇದೆಯ ಪಾಲಿಗೆ ಬಂತು: ಪ್ರಕರಣ ಮುಗಿಯುವವರೆಗೆ ಆರೋಪಿಯು ಬಾಲಕನನ್ನು ಭೇಟಿಯಾಗುವಂತಿಲ್ಲ.

ಇದನ್ನು ಗುಮಾಸ್ತ ಹೇಳಿರಲಿಲ್ಲ. ಆಕೆ, ಅವನಿಗೆ ಎಡಗಿವಿ ಸ್ವಲ್ಪ ಮಂದ, ಬಲಗಡೆ ನಿಂತು ಮಾತಾಡಿಸಿ ಅಂತ ಅಲ್ಲಿಯವರಿಗೆ ತಿಳಿಸುತ್ತೀರಾ ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ಆಕೆಯನ್ನು ನ್ಯಾಯಾಲಯಕ್ಕೆ ಕರೆದೊಯ್ದರು. ಜೀಪು ನಿಲಯದ ಮುಂದಿನ ರಸ್ತೆಯಲ್ಲೇ ಹೋಗಬೇಕಿತ್ತು. ಗೇಟು ಹತ್ತಿರ ಬಂದಂತೆ ಆಕೆ ಸೆರಗು ತಲೆಗೆಳೆದುಕೊಂಡು ಸೀಟಿನ ಕೆಳಗೆ ಬಗ್ಗಿ ಕೂತಳು. ಏನೋ ಬಿತ್ತೇನೋ ಅಂದುಕೊಂಡ ದಫೇದಾರ ಹುಡುಕಲು ಬಗ್ಗಿದ. ಪೇದೆ ಅವನ ಭುಜ ಹಿಡಿದು ತಡೆದಳು. ಪೊಲೀಸ್ ಜೀಪಿನಲ್ಲಿ ಮಗ ತನ್ನನ್ನು ಕಾಣಬಾರದು ಎಂದೇ ಆಕೆ ಬಗ್ಗಿದ್ದು ಅಂತ ಪೇದೆಗೆ ಅರ್ಥವಾಗಿತ್ತು.

ರಸ್ತೆ ತಿರುಗಿದ ಮೇಲೆ ಆಕೆ ಎದ್ದು ಕೂತಳು.

"ಅಂಗಳದಲ್ಲಿ ಹುಡುಗರು ಇದ್ರಾ ಅಕ್ಕ?"

"ಇದ್ರು. ಜೀಪು ಜೋರಾಗಿತ್ತು, ನಿಮ್ಮೋನು ಯಾರು ಅಂತ ಗೊತ್ತಾಗ್ಲಿಲ್ಲ."

"ಕೂತಿದ್ರಾ?"

"ಇಲ್ಲಮ್ಮ," ಅಂದಳು ಪೇದೆ. "ಓಡಾಡ್ತಿದ್ರು."