ಸಾಕೆಟ್ಟಿಗೆ ಕಟ್ಟಿದ ಕವರು

9 ಜುಲೈ 2025, ಬುಧವಾರ, ಬೆಳಿಗ್ಗೆ 7.40. ನಿವೃತ್ತ ಶಿಕ್ಷಕಿ ವೀರಭದ್ರಮ್ಮ ಸಿರುಗುಪ್ಪ ಠಾಣೆಗೆ ದೂರು ತಂದರು. ಮನೆಮುಂದೆ ನಿಲ್ಲಿಸಿದ್ದ ಕಾರಿನ ಎಂಜಿನ್ ಕಂಪ್ಯೂಟರ್ ಪೆಟ್ಟಿಗೆಯನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. ಇನ್‌ಸ್ಪೆಕ್ಟರ್ ಉಜ್ಜಿನಪ್ಪ ಎಫ್‌ಐಆರ್ ಹಾಕಿಸಿದರು.

9.15ಕ್ಕೆ ಪಂಚನಾಮೆ. ಬ್ಯಾಟರಿ, ಸ್ಟೆಪ್ನಿ ಎಲ್ಲ ಇದ್ದವು. ಪೆಟ್ಟಿಗೆಯ ನಾಲ್ಕು ಬೋಲ್ಟುಗಳನ್ನು ಕಳ್ಳ ಮತ್ತೆ ಅದೇ ತೂತಿಗೆ ತಿರುಗಿಸಿ ಬಿಗಿ ಮಾಡಿದ್ದ. ಖಾಲಿ ಸಾಕೆಟ್ಟಿಗೆ ತೇವ ತಾಕದಂತೆ ಪ್ಲಾಸ್ಟಿಕ್ ಕವರು ಸುತ್ತಿ ದಾರ ಕಟ್ಟಿದ್ದ.

“ಇವ ಎಂಥಾ ಕಳ್ಳನ್ರಿ ಸರ್, ಸರ್ವೀಸ್ ಮಾಡಿ ಹೋಗ್ಯಾನ,” ಎಂದಳು ಕಾನ್‌ಸ್ಟೇಬಲ್ ಅನಿತಾ.

ಪಂಚ ಸಾಕ್ಷಿಯಾಗಿ ಬಂದಿದ್ದ ಮೆಕ್ಯಾನಿಕ್ ಜಂಬಣ್ಣ ತಲೆ ಕೆರೆದುಕೊಂಡ. “ಈ ಪೆಟ್ಟಿಗಿ ತನ್ನ ಕೀಲಿ ಬಿಟ್ರ ಬ್ಯಾರೆ ಕೀಲಿಗೆ ಎಂಜಿನ್ ಏಳಸಂಗಿಲ್ರಿ. ಒಯ್ದು ಏನ್ ಮಾಡ್ತಾನ?”

“ಹಂಗಾರ ಕೀಲಿಗೂ ಬರ್ತಾನ,” ಎಂದರು ಉಜ್ಜಿನಪ್ಪ.

ಬಾನೆಟ್ ಮುಚ್ಚಿಸಿದರು. ಅನಿತಾ ಮಫ್ತಿಯಲ್ಲಿ, ಮನೆಯ ಸೊಸೆಯಂತೆ, ಕಟ್ಟೆಯ ಮೇಲೆ ಕೂತಳು.

ಗುರುವಾರ ಮಧ್ಯಾಹ್ನ 3.20ಕ್ಕೆ ಒಬ್ಬ ಯುವಕ ಬೈಕಿನಲ್ಲಿ ಬಂದ. ನಿದ್ದೆಯಿಲ್ಲದ ಕಣ್ಣು.

“ಗಾಡಿ ಚಾಲೂ ಆಗವಲ್ದಂತಲ್ರಿ. ಅರ್ಧ ತಾಸು ಕೀಲಿ ಕೊಡ್ರಿ, ನೋಡ್ತೀನಿ.”

“ಮಳಿ ಬಂದೈತಪ್ಪ, ಒಳಗ ನೀರು ಹೊಕ್ಕಿರಬೇಕು,” ಎಂದಳು ಅನಿತಾ.

“ಇಲ್ರೀ ಅಕ್ಕ, ಸಾಕೆಟ್ಟಿಗೆ ಕವರ್ ಕಟ್ಟೈತಿ.”

“ಬಾನೆಟ್ ಮುಚ್ಚೇ ಐತಲ್ಲಲೇ. ನಿನಗ್ಯಾರು ಹೇಳಿದ್ರು?”

ಅವನು ಓಡಲಿಲ್ಲ. ಬೈಕಿನ ಮೇಲೆ ತಲೆ ಇಟ್ಟ. ಅಲ್ಲಿಯೇ ಬಂಧನ.

ಠಾಣೆಯಲ್ಲಿ ಉಜ್ಜಿನಪ್ಪ ಕೇಳಿದರು: “ಹೆಸರು?”

“ಹುಲುಗೇಶ. ಕುರುಗೋಡಾಗ ಗ್ಯಾರೇಜ್ ಐತ್ರಿ.”

“ಎಷ್ಟು ಓದೀದಿ?”

ಹುಲುಗೇಶ ಮೇಜಿಗೆ ಗುದ್ದಿದ. “ನೀವೂ ಅದನ್ನೇ ಕೇಳ್ರಿ! ಹೊಸಾ ಪೆಟ್ಟಿಗಿ ಕೊಡ್ರಿ ಅಂತ ಬಳ್ಳಾರ್ಯಾಗ ಐದು ದಿನ ಶೋರೂಮಿನ ಬಾಗಿಲಾ ಕಾದೀನಿ. ಸರ್ಟಿಫಿಕೇಟ್ ಇಲ್ಲದೋನಿಗೆ ಕೊಡಂಗಿಲ್ಲಂತ. ಎಂಟನೇ ಕ್ಲಾಸಿಗೆ ಸಾಲಿ ಬಿಟ್ಟೋನ ಕೈ ಕೈಯಲ್ಲೇನ್ರಿ?”

ತನ್ನ ಟ್ಯಾಕ್ಸಿಯ ಮೈಲೇಜು ಹೆಚ್ಚಿಸಿಕೊಡು ಎಂದು ಹುಲುಗೇಶನಿಗೆ ಗಂಟುಬಿದ್ದವನು ಅವನ ಅಕ್ಕನ ಗಂಡ ಕರಿಬಸವನೇ. ಲ್ಯಾಪ್‌ಟಾಪಿನಿಂದ ಹೊಸ ಪ್ರೋಗ್ರಾಂ ತುಂಬುವಾಗ ನಡುವೆ ಬ್ಯಾಟರಿ ಕೈಕೊಟ್ಟಿತು, ಟ್ಯಾಕ್ಸಿಯ ಪೆಟ್ಟಿಗೆ ಸತ್ತಿತು. ಅದೇ ಸಂಜೆ ಕರಿಬಸವ ಹೆಂಡತಿ ಪಂಪಾವತಿಯನ್ನು ತವರಿಗೆ ತಂದು ಬಿಟ್ಟಿದ್ದ. “ಗಾಡಿ ಚಾಲೂ ಆದ ದಿನ ಇಕಿನ್ನ ಕಳಿಸು” ಅಂದಿದ್ದ.

5.50ಕ್ಕೆ ಕುರುಗೋಡಿನ ಗ್ಯಾರೇಜಿನಲ್ಲಿ ಜಪ್ತಿ. ವೀರಭದ್ರಮ್ಮನ ಪೆಟ್ಟಿಗೆ ಟ್ಯಾಕ್ಸಿಯಲ್ಲೇ ಇತ್ತು. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಬ್ಯಾಗಿಟ್ಟುಕೊಂಡು, ಪಂಪಾವತಿ ಕೂತಿದ್ದಳು.

“ಕೀಲಿ ಸಿಕ್ತೇನೋ ತಮ್ಮಾ?”

ಹುಲುಗೇಶ ಬಾನೆಟ್ ಎತ್ತಿದ. ಪೆಟ್ಟಿಗೆ ಬಿಚ್ಚಿ ಉಜ್ಜಿನಪ್ಪನವರ ಕೈಗಿಟ್ಟ. ಆಮೇಲೆ ಬೇಡಿ ಹಾಕಿದ ಕೈಯಿಂದಲೇ ನಾಲ್ಕೂ ಬೋಲ್ಟುಗಳನ್ನು ಖಾಲಿ ಜಾಗಕ್ಕೆ ತಿರುಗಿಸಿ, ಒಂದೊಂದಾಗಿ ಬಿಗಿ ಮಾಡಿದ.