ಹದಿನೇಳನೇ ಬೆಡ್ಡಿನ ರೋಗಿ

ಡ್ಯೂಟಿ ಬದಲಾಗುವಾಗ ಡಾಕ್ಟರುಗಳು ರೋಗಿಗಳ ಸ್ಥಿತಿ ಬರೆದಿಡುವ ನಮ್ಮ ವಾರ್ಡಿನ ಹ್ಯಾಂಡೋವರ್ ಪುಸ್ತಕದ ಹಾಳೆಯೊಂದು ಕಾಣೆಯಾಗಿದೆ ಎಂದು ಗೊತ್ತಾದಾಗ ವಿಚಾರಣೆಗೆ ಎರಡೇ ಗಂಟೆ ಉಳಿದಿತ್ತು. ನಾನು ಆ ವಾರ್ಡಿನ ಆಯಾ. ನಮ್ಮ ಹೆಡ್ ಸಿಸ್ಟರನ್ನು ಎಲ್ಲರೂ ಬೆನ್ನ ಹಿಂದೆ ಸಿಐಡಿ ಅಕ್ಕ ಎನ್ನುತ್ತಿದ್ದರು; ನಾನು ಎದುರಿಗೇ ಅನ್ನುತ್ತಿದ್ದೆ.

ಸಾಯಲು ಹೊರಟಿದ್ದ ನಮ್ಮ ಕಿರಿಯ ಡಾಕ್ಟರಮ್ಮ ಬದುಕುಳಿದು ಮೂರು ವಾರವಾಗಿತ್ತು. 'ಯಾರಿಗೂ ಹೇಳದೆ ಡ್ಯೂಟಿ ಬಿಟ್ಟವಳು, ಡಾಕ್ಟರಾಗಲು ಲಾಯಕ್ಕಿಲ್ಲ' ಎಂದು ವಿಭಾಗದ ದೊಡ್ಡ ಡಾಕ್ಟರು ಮೆಡಿಕಲ್ ಕಾಲೇಜಿನ ಪ್ರಿನ್ಸಿಪಾಲರಿಗೆ ಬರೆದಿದ್ದರು; ವಿಚಾರಣೆ ಅದರದ್ದೇ. ಡ್ಯೂಟಿ ಬಿಟ್ಟುಹೋದ ಆ ಮಂಗಳವಾರವೇ ಪುಸ್ತಕದಲ್ಲಿ ಬರೆದು ತಿಳಿಸಿದ್ದೆ ಎಂದು ಹುಡುಗಿ ಹೇಳುತ್ತಿದ್ದಳು. ಆದರೆ ಆ ಹಾಳೆಯನ್ನು ಯಾರೋ ಕತ್ತರಿಸಿ, ಹದಿನಾರು ಬೆಡ್ಡುಗಳ ವಿವರ ನಕಲು ಮಾಡಿದ ಬೇರೆ ಹಾಳೆ ಅಂಟಿಸಿದ್ದರು. ಅಕ್ಷರವನ್ನು ಬೇಕೆಂದೇ ಸೊಟ್ಟಗೆ ಬರೆದಿದ್ದರು.

"ಕದ್ದೋರು ದೊಡ್ಡ ಡಾಕ್ಟರೇ. ಇಲ್ಲಾಂದ್ರೆ ಅವರ ಹಿಂದೆ ಮುಂದೆ ಸುತ್ತೋ ಆ ಗುಮಾಸ್ತ," ಎಂದೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಕ್ಕ ಕನ್ನಡಕ ಏರಿಸಿದರು. "ಒಂಬತ್ತನೇ ಬೆಡ್ಡಿನ ಅಜ್ಜನಿಗೆ ಆ ಮಂಗಳವಾರ ಎಷ್ಟು ಮಾತ್ರೆ?"

"ಎರಡು. ನಾನೇ ನೀರು ಕುಡಿಸಿದ್ದು. ಬುಧವಾರ ಬೆಳಿಗ್ಗೆ ತಾನೇ ಒಂದಕ್ಕೆ ಇಳಿಸಿದ್ದು?"

"ಇಲ್ಲಿ ಮಂಗಳವಾರವೇ ಒಂದು ಅಂತಿದೆ."

ಆಮೇಲೆ ಅವರು ಮುಂದಿನ ಹಾಳೆಯ ಮೇಲೆ ಪೆನ್ಸಿಲ್ ಉಜ್ಜಿದರು. ಕಾಣೆಯಾದ ಬರಹದ ಅಚ್ಚು ಬೆಳ್ಳಗೆ ಮೂಡಿತು. ಓದಿ ನನ್ನ ಕಣ್ಣು ತುಂಬಿತು.

ಪ್ರಿನ್ಸಿಪಾಲರ ಕೋಣೆಯಲ್ಲಿ ಎಲ್ಲರೂ ಸೇರಿದರು: ದೊಡ್ಡ ಡಾಕ್ಟರು, ಗುಮಾಸ್ತ, ಹುಡುಗಿ, ಅವಳ ಜೊತೆ ಓದುತ್ತ ನಮ್ಮ ವಾರ್ಡಿನಲ್ಲೇ ಡ್ಯೂಟಿ ಮಾಡುವ ಗೆಳತಿ. ಬಾಗಿಲಲ್ಲಿ ವಿದ್ಯಾರ್ಥಿಗಳು ಕಿಕ್ಕಿರಿದಿದ್ದರು.

"ದೊಡ್ಡ ಡಾಕ್ಟರಾಗಿದ್ರೆ ಹರಿದು ಬಿಸಾಕ್ತಿದ್ರು, ನಕಲು ಮಾಡೋ ಗೋಜಿಗೆ ಹೋಗ್ತಿರಲಿಲ್ಲ," ಎಂದರು ಅಕ್ಕ. "ಗುಮಾಸ್ತರಾಗಿದ್ರೆ ಇದ್ದದ್ದನ್ನ ಇದ್ದ ಹಾಗೇ ಬರೀತಿದ್ರು. ಇದನ್ನ ಬರೆದೋರಿಗೆ ರೋಗಿಗಳ ಚಿಂತೆ ಇತ್ತು. ಒಂಬತ್ತನೇ ಬೆಡ್ಡಿಗೆ ಹಳೇ ಡೋಸ್ ಬರೆಯೋಕೆ ಅವರ ಕೈ ಒಪ್ಪಲಿಲ್ಲ, ಯಾಕಂದ್ರೆ ಬುಧವಾರ ಅದನ್ನ ಇಳಿಸಿದ್ದೇ ಅವರು. ಹೌದಲ್ವೇನಮ್ಮಾ?" ಎಂದು ಗೆಳತಿಯತ್ತ ತಿರುಗಿದರು.

ಗೆಳತಿ ಬಿಕ್ಕುತ್ತ ಕೋಟಿನ ಜೇಬಿನಿಂದ ಹಾಳೆ ತೆಗೆದಳು. "ಅವಳು ಆಸ್ಪತ್ರೆ ಸೇರಿದ ಮೇಲೆ ಇದು ನನ್ನ ಕಣ್ಣಿಗೆ ಬಿತ್ತು. ಬೇರೆಯವರು ನೋಡಿದ್ರೆ ಹುಚ್ಚಿ ಅಂತ ಹಣೆಪಟ್ಟಿ ಕಟ್ತಾರೆ, ಅವಳ ಓದು ಮುಗಿದ ಹಾಗೇ ಅಂದ್ಕೊಂಡೆ."

"ಮುಚ್ಚಿಟ್ಟೇ ಅಲ್ವೇನೇ ನಾವು ಸಾಯೋದು," ಎಂದು ಹುಡುಗಿ ಹಾಳೆ ಇಸಿದುಕೊಂಡಳು. ಎಲ್ಲರಿಗೂ ಕೇಳುವಂತೆ ಓದಿದಳು: "'ಹದಿನೇಳನೇ ಬೆಡ್: ಈ ಡ್ಯೂಟಿ ಡಾಕ್ಟರ್. ನಾಲ್ಕು ದಿನದಿಂದ ನಿದ್ದೆಯಿಲ್ಲ. ಬದುಕುವ ಆಸೆ ಹೋಗಿದೆ. ದಯವಿಟ್ಟು ಯಾರಾದರೂ ನೋಡಿ.'"

ಅಕ್ಕ ಹಾಳೆಯ ತಳಕ್ಕೆ ಬೆರಳಿಟ್ಟರು. "ಇಲ್ಲಿ 'ನೋಡಿದೆ' ಅಂತ ದೊಡ್ಡ ಡಾಕ್ಟರ ಕೆಂಪು ಸಹಿ ಇದೆ. ನಮ್ಮ ವಾರ್ಡಿನಲ್ಲಿರೋದು ಹದಿನಾರೇ ಬೆಡ್ಡು, ಸರ್."

"ಪ್ರತಿ ಸಾಲೂ ಓದ್ತಾ ಕೂರೋಕಾಗುತ್ತಾ?" ಎಂದು ದೊಡ್ಡ ಡಾಕ್ಟರು ಗುಡುಗಿದರು. "ಈ ಕೆಲಸಕ್ಕೆ ಗಟ್ಟಿ ಮನಸ್ಸು ಬೇಕು!"

ಪ್ರಿನ್ಸಿಪಾಲರು ದೂರಿನ ಕಾಗದವನ್ನು ಎರಡಾಗಿ ಹರಿದರು. "ಚಿಕಿತ್ಸೆ ಮುಗಿಸಿ ಬಾಮ್ಮ. ನಿನ್ನ ಸೀಟು ಎಲ್ಲಿಗೂ ಹೋಗಲ್ಲ."

ಆಗ ಗೆಳತಿ ಕಣ್ಣೊರೆಸಿಕೊಂಡು ಎದ್ದು ನಿಂತಳು. "ಸರ್, ನನಗೂ ಎರಡು ತಿಂಗಳಿಂದ ನಿದ್ದೆಯಿಲ್ಲ."

"ನನಗೂ," ಎಂದಿತು ಬಾಗಿಲಿನಿಂದ ಒಂದು ದನಿ. ಹಿಂದೆಯೇ ಇನ್ನೊಂದು, ಮತ್ತೊಂದು.

ದೊಡ್ಡ ಡಾಕ್ಟರು ಧಡಕ್ಕನೆ ಎದ್ದು ಹೊರಟರು. ಇಪ್ಪತ್ತು ವರ್ಷ ಅವರ ಮುಂದೆ ತಲೆ ಎತ್ತದ ನಾನು ದಾರಿಗೆ ಅಡ್ಡ ನಿಂತೆ.

"ಕೂತ್ಕೊಳ್ಳಿ ಸರ್," ಎಂದೆ. "ಮಕ್ಕಳು ಇನ್ನೂ ಮಾತಾಡ್ತಿದಾರೆ."